ಶಿವಮೊಗ್ಗ–ಭದ್ರಾವತಿಯ ಮನೆತನದ ವ್ಯವಹಾರಗಳು: ತೆರಿಗೆ ಮತ್ತು ತೆರಿಗೆ ಸಲಹೆ

ಶಿವಮೊಗ್ಗ ನಗರದಲ್ಲಿಯೂ ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಭದ್ರಾವತಿಯಲ್ಲಿಯೂ ಖಾಸಗಿ ವ್ಯವಹಾರವೆಂದರೆ ಬಹುಪಾಲು ಮನೆತನದ ವ್ಯವಹಾರ. ಅಡಿಕೆ ಮಂಡಿ, ಅಕ್ಕಿ ಗಿರಣಿ, ಗಾಂಧಿ ಬಜಾರಿನ ಜವಳಿ ಮತ್ತು ಚಿನ್ನ-ಬೆಳ್ಳಿ ಅಂಗಡಿ, ಮಾಚೇನಹಳ್ಳಿ ಕಡೆಯ ಫೌಂಡ್ರಿ, ಲಾರಿ ಸಾಗಣೆ, ಹೋಟೆಲು, ಲೇಔಟ್ ನಿರ್ಮಾಣ ಎಲ್ಲವೂ ತಂದೆ-ಮಕ್ಕಳ, ಅಣ್ಣ-ತಮ್ಮಂದಿರ, ಕೆಲವೆಡೆ ಅತ್ತಿಗೆ-ಮೈದುನರ ಕೈಯಲ್ಲಿ ನಡೆಯುತ್ತವೆ. ಆದಾಯ ತೆರಿಗೆ, ಜಿಎಸ್‌ಟಿ, ಪಾಲು, ಉತ್ತರಾಧಿಕಾರಗಳ ವಿಷಯದಲ್ಲಿ ಈ ಮನೆಗಳಿಗೆ ದಾರಿ ಹೇಳುವವರು ಲೆಕ್ಕಪರಿಶೋಧಕರು, ತೆರಿಗೆ ವಕೀಲರು ಮತ್ತು ತೆರಿಗೆ ಸಲಹೆಗಾರರು. ಊರಿನ ಬಾಯಲ್ಲಿ ಮಾತ್ರ ಇವರೆಲ್ಲರೂ ‘ಆಡಿಟರ್’ಗಳೇ.

ಈ ಎರಡು ಊರುಗಳ ವ್ಯವಹಾರಕ್ಕೆ ಒಂದು ವಿಶೇಷವಿದೆ. ಒಂದೇ ಮನೆಗೆ ತೋಟವೂ ಇರುತ್ತದೆ, ಅಂಗಡಿಯೂ ಇರುತ್ತದೆ, ಎರಡರ ಹಣವೂ ಒಂದೇ ಬೀರುವಿಗೆ ಬರುತ್ತದೆ. ಕಾನೂನು ತೋಟದ ಲೆಕ್ಕ, ಅಂಗಡಿ ಲೆಕ್ಕ, ಮನೆ ಲೆಕ್ಕ ಎಂಬ ಮೂರನ್ನು ಬೇರೆಬೇರೆಯಾಗಿ ನೋಡುತ್ತದೆ. ಮನೆಯವರಿಗೆ ಅದು ಒಂದೇ ದುಡ್ಡು. ಇಲ್ಲಿನ ತೆರಿಗೆ ತಕರಾರುಗಳಲ್ಲಿ ದರದ ಬಗ್ಗೆ ಏಳುವ ಜಗಳ ಕಡಿಮೆ; ಯಾವ ಹಣ ಯಾವ ಲೆಕ್ಕದ್ದು ಎಂಬ ಪ್ರಶ್ನೆಯೇ ಹೆಚ್ಚು.

ಹಿನ್ನೆಲೆ

ಶಿವಮೊಗ್ಗ ಮೈಸೂರು ಸಂಸ್ಥಾನದ ಭಾಗವಾಗಿದ್ದುದರಿಂದ ಇಲ್ಲಿನ ವರ್ತಕರು ಬ್ರಿಟಿಷ್ ಭಾರತದ ಆದಾಯ ತೆರಿಗೆ ಕಾಯಿದೆಗೆ ಒಳಪಟ್ಟಿರಲಿಲ್ಲ. ಸಂಸ್ಥಾನಕ್ಕೆ 1923ರ ಮೈಸೂರು ಆದಾಯ ತೆರಿಗೆ ಕಾಯಿದೆ ಎಂಬ ತನ್ನದೇ ಕಾನೂನಿತ್ತು. ಭಾರತದ ಆದಾಯ ತೆರಿಗೆ ಕಾನೂನು ಮೈಸೂರಿಗೆ ವಿಸ್ತರಿಸಿದ್ದು 1950ರ ಏಪ್ರಿಲ್ 1ರಂದು. 1957ರಲ್ಲಿ ರಾಜ್ಯ ಎರಡು ಕಾಯಿದೆಗಳನ್ನು ತಂದಿತು: ಒಂದು ಮಾರಾಟ ತೆರಿಗೆಯದು, ಇನ್ನೊಂದು ಕೃಷಿ ಆದಾಯ ತೆರಿಗೆಯದು. ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದಂತೆ ರಾಜ್ಯಕ್ಕೆ ಮಾತ್ರ ಇದೆ. ತೋಟ ಮತ್ತು ಮಂಡಿಯ ನಡುವೆ ಕಾನೂನು ಎಳೆದ ಗೆರೆಯ ಮೂಲ ಇದೇ. ಮಾರಾಟ ತೆರಿಗೆಯ ಜಾಗಕ್ಕೆ 2005ರ ಏಪ್ರಿಲ್ 1ರಿಂದ ಮೌಲ್ಯವರ್ಧಿತ ತೆರಿಗೆ, 2017ರ ಜುಲೈ 1ರಿಂದ ಜಿಎಸ್‌ಟಿ ಬಂದವು.

ಹಳೆಯ ವರ್ತಕರ ಮನೆಗಳಲ್ಲಿ ದೀಪಾವಳಿಗೆ ಅಂಗಡಿ ಪೂಜೆ ಮಾಡಿ ಹೊಸ ಖಾತೆ-ಕಿರ್ದಿ ತೆರೆಯುತ್ತಿದ್ದರು. ಅದು ಬರಿಯ ಆಚರಣೆಯಾಗಿರಲಿಲ್ಲ, ದೀಪಾವಳಿಯಿಂದ ದೀಪಾವಳಿಗೆ ಲೆಕ್ಕ ಮುಗಿಸಲು ಆದಾಯ ತೆರಿಗೆ ಕಾನೂನೂ ಒಪ್ಪುತ್ತಿತ್ತು. 1989-90ರ ಕರ ನಿರ್ಧರಣಾ ವರ್ಷದಿಂದ ಎಲ್ಲರಿಗೂ ಏಪ್ರಿಲ್–ಮಾರ್ಚ್ ಲೆಕ್ಕವೇ ಕಡ್ಡಾಯವಾಯಿತು. ಪೂಜೆ ಉಳಿಯಿತು, ಲೆಕ್ಕ ಮಾರ್ಚ್ 31ಕ್ಕೆ ಸರಿಯಿತು. ಅಡಿಕೆಯವರಿಗೆ ಇದರಿಂದ ಒಂದು ತೊಡಕು ಬಂದಿದೆ. ಕೊಯ್ಲು ಮಳೆಗಾಲದ ಕೊನೆಯಿಂದ ಬೇಸಗೆಯ ಹೊಸ್ತಿಲವರೆಗೆ ನಡೆದು, ಮಾರಾಟವು ದರ ಏರುವವರೆಗೂ ನಿಲ್ಲುತ್ತದೆ. ಹೀಗಾಗಿ ಮಾರ್ಚ್ 31ರಂದು ಗೋದಾಮಿನಲ್ಲಿ ಎಷ್ಟು ಅಡಿಕೆ ಇತ್ತು, ಅದಕ್ಕೆ ಯಾವ ಬೆಲೆ ಕಟ್ಟಿದರು ಎಂಬುದು ಮಂಡಿಯ ಇಡೀ ವರ್ಷದ ಲಾಭವನ್ನು ಮೇಲೆ ಕೆಳಗೆ ಮಾಡುತ್ತದೆ.

ಅಡಿಕೆ: ತೋಟ, ಖೇಣಿ, ಮಂಡಿ

ಶಿವಮೊಗ್ಗದ ಕೃಷಿ ಉತ್ಪನ್ನ ಮಾರುಕಟ್ಟೆ ರಾಜ್ಯದ ಮುಖ್ಯ ಅಡಿಕೆ ಮಾರುಕಟ್ಟೆಗಳಲ್ಲಿ ಒಂದು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ದರ್ಜೆಗಳಲ್ಲಿ ಇಲ್ಲಿ ವ್ಯಾಪಾರ ನಡೆಯುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಭದ್ರಾವತಿ ಸುತ್ತಿನ ಬೆಳೆಗಾರರು ತಂದ ಮಾಲು ಇಲ್ಲಿಂದ ಉತ್ತರ ಭಾರತಕ್ಕೆ ಹೋಗುತ್ತದೆ. ಖಾಸಗಿ ಮಂಡಿಗಳ ಜೊತೆಗೆ ಬೆಳೆಗಾರರದೇ ಆದ ‘ಮ್ಯಾಮ್ಕೋಸ್’ ಸಹಕಾರ ಸಂಘವೂ ಮಾರಾಟ ಮಾಡಿಕೊಡುತ್ತದೆ. ಸದಸ್ಯರು ಬೆಳೆದುದನ್ನು ಮಾರಿಕೊಡುವ ಸಹಕಾರ ಸಂಘದ ಲಾಭಕ್ಕೆ ಆದಾಯ ತೆರಿಗೆಯ 80ಪಿ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಪಕ್ಕದ ಖಾಸಗಿ ಮಂಡಿಗೆ ಅದಿಲ್ಲ.

ಬೆಳೆಗಾರ ತನ್ನ ತೋಟದ ಅಡಿಕೆಯನ್ನು ಸುಲಿದು, ಬೇಯಿಸಿ, ಚೊಗರು ಹಾಕಿ, ಒಣಗಿಸಿ ಮಾರಿದರೆ ಆ ಆದಾಯ ಕೃಷಿ ಆದಾಯವೇ. ಬೆಳೆಯನ್ನು ಮಾರುಕಟ್ಟೆಗೆ ಒಯ್ಯುವಂತೆ ಮಾಡಲು ರೈತ ಸಾಮಾನ್ಯವಾಗಿ ನಡೆಸುವ ಸಂಸ್ಕರಣೆಯನ್ನು ಕಾನೂನು ಕೃಷಿಯ ಭಾಗವಾಗಿಯೇ ಒಪ್ಪಿದೆ. ಇದೇ ಕೆಲಸವನ್ನು ಖೇಣಿದಾರ ಮಾಡಿದರೆ ಅದು ವ್ಯಾಪಾರ. ಮರದ ಮೇಲಿನ ಫಸಲನ್ನು ಮೊದಲೇ ಗುತ್ತಿಗೆ ಹಿಡಿದು, ಕೊಯ್ಲು ಮಾಡಿಸಿ, ಬೇಯಿಸಿ ಮಾರುವವನಿಗೆ ಜಮೀನಿನ ಮೇಲಾಗಲಿ ಬೇಸಾಯದ ಮೇಲಾಗಲಿ ಹಕ್ಕಿಲ್ಲ. ಅವನು ಕೊಂಡು ಮಾರುವವನು. ಒಂದೇ ಮನೆಯಲ್ಲಿ ಅಣ್ಣ ತೋಟ ನೋಡಿಕೊಂಡು ತಮ್ಮ ಅಕ್ಕಪಕ್ಕದ ತೋಟಗಳ ಖೇಣಿ ಹಿಡಿಯುವುದು ಮಲೆನಾಡಿನಲ್ಲಿ ಸಾಮಾನ್ಯ. ಎರಡೂ ಮಾಲು ಒಂದೇ ಅಂಗಳದಲ್ಲಿ ಒಣಗುತ್ತವೆ. ಯಾವ ಚೀಲ ಯಾರದು ಎಂದು ಬರೆದಿಡದಿದ್ದರೆ, ಪ್ರಶ್ನೆ ಬಂದ ದಿನ ಎಲ್ಲವೂ ತೋಟದ್ದೇ ಎಂದು ಸಾಧಿಸುವುದು ಕಷ್ಟ. ಪಹಣಿಯ ಬೆಳೆ ಕಾಲಂ ಮತ್ತು ತೋಟದ ವಿಸ್ತೀರ್ಣಕ್ಕೆ ತಾಳೆಯಾಗದಷ್ಟು ಅಡಿಕೆ ತೋರಿಸಿದರಂತೂ ಕೃಷಿ ಆದಾಯವೆಂಬ ವಾದ ನಿಲ್ಲುವುದಿಲ್ಲ. ಕಪ್ಪು ಹಣಕ್ಕೆ ತೋಟದ ಹೆಸರು ಕೊಡುವ ಹಳೆಯ ಚಾಳಿ ಭೂಮಿ ದಾಖಲೆಗಳು ಗಣಕೀಕರಣಗೊಂಡ ಮೇಲೆ ಸುಲಭವಾಗಿ ಉಳಿದಿಲ್ಲ.

ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ ಎಂಬುದು ನಿಜ, ಆದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಕೃಷಿ ಆದಾಯ 5,000 ರೂಪಾಯಿ ಮೀರಿ, ಉಳಿದ ಆದಾಯ ಮೂಲ ವಿನಾಯಿತಿ ಮಿತಿ ದಾಟಿದರೆ, ದರ ಗೊತ್ತುಪಡಿಸಲು ಎರಡನ್ನೂ ಕೂಡಿಸುತ್ತಾರೆ. ಪರಿಣಾಮವಾಗಿ ಅಂಗಡಿ ಆದಾಯ ಮೇಲಿನ ಹಂತದ ದರಕ್ಕೆ ಸಿಗುತ್ತದೆ. ತೋಟದ ವರಮಾನವನ್ನು ರಿಟರ್ನಿನಲ್ಲಿ ತೋರಿಸದೆ ಬಿಟ್ಟರೆ ನಷ್ಟ ಎರಡು ಬಗೆ: ತೆರಿಗೆ ತಪ್ಪಿಸಿದ ಆರೋಪ ಒಂದು, ಮುಂದೆ ಅದೇ ಹಣದಲ್ಲಿ ಸೈಟು ಕೊಂಡಾಗ ಮೂಲ ತೋರಿಸಲಾಗದ ಸಂಕಟ ಇನ್ನೊಂದು.

ಮಂಡಿಯ ವಿಷಯಕ್ಕೆ ಬಂದರೆ ಮೊದಲ ಪ್ರಶ್ನೆ, ಮಂಡಿಯವರು ದಲಾಲರೋ ವರ್ತಕರೋ ಎಂಬುದು. ಬೆಳೆಗಾರನ ಮಾಲನ್ನು ಮಾರಿಸಿಕೊಟ್ಟು ಕಮಿಷನ್ ಪಡೆಯುವುದು ದಲಾಲಿ, ತಾನೇ ಕೊಂಡು ಮಾರುವುದು ವ್ಯಾಪಾರ. ಅನೇಕ ಮನೆಗಳು ಎರಡನ್ನೂ ಮಾಡುತ್ತವೆ. ಸಣ್ಣ ವ್ಯಾಪಾರಿಗಳಿಗೆ ಪೂರ್ಣ ಲೆಕ್ಕಪುಸ್ತಕವಿಲ್ಲದೆ ವಹಿವಾಟಿನ ಶೇ 8ರಷ್ಟನ್ನು, ಬ್ಯಾಂಕ್ ಮೂಲಕ ಬಂದ ಭಾಗಕ್ಕೆ ಶೇ 6ರಷ್ಟನ್ನು ಲಾಭವೆಂದು ತೋರಿಸಿ ಮುಗಿಸುವ ಅವಕಾಶವಿದೆ (1961ರ ಕಾಯಿದೆಯ 44ಎಡಿ ಸೆಕ್ಷನ್). ಅದರ ಮಿತಿ 2 ಕೋಟಿ. ನಗದು ಶೇ 5ರೊಳಗಿದ್ದರೆ 3 ಕೋಟಿ. ಕಮಿಷನ್ ಮತ್ತು ಏಜೆನ್ಸಿ ಆದಾಯದವರಿಗೆ ಇದು ಸಲ್ಲದು. ದಲಾಲಿ ಮಂಡಿಯವರು ಇದನ್ನು ಬಳಸಿ ರಿಟರ್ನ್ ಹಾಕಿ ಸಿಕ್ಕಿಬೀಳುವುದು ಅಪರೂಪವಲ್ಲ.

ಜಿಎಸ್‌ಟಿಯಲ್ಲೂ ಇದೇ ಭೇದ ಕೆಲಸ ಮಾಡುತ್ತದೆ. ತನ್ನ ಬೇಸಾಯದ ಬೆಳೆ ಮಾರುವ ರೈತ ನೋಂದಣಿ ಮಾಡಿಸಬೇಕಾಗಿಲ್ಲ. ಒಣ ಅಡಿಕೆಗೆ ಶೇ 5 ತೆರಿಗೆ ಇದೆ. ಗೇರುಬೀಜ, ಹತ್ತಿ, ತಂಬಾಕು ಎಲೆಗಳಂತೆ ಅಡಿಕೆ ರಿವರ್ಸ್ ಚಾರ್ಜ್ (ಕೊಂಡವನೇ ತೆರಿಗೆ ಕಟ್ಟುವ) ಪಟ್ಟಿಯಲ್ಲಿಲ್ಲ. ಆದ್ದರಿಂದ ರೈತನಿಂದ ಕೊಳ್ಳುವಾಗ ತೆರಿಗೆಯೇ ಹುಟ್ಟುವುದಿಲ್ಲ, ವರ್ತಕ ಮೊದಲ ಸಲ ಮಾರಿದಾಗ ಹುಟ್ಟುತ್ತದೆ. ಅವನಿಗೆ ಕಳೆದುಕೊಳ್ಳಲು ಇನ್‌ಪುಟ್ ಕ್ರೆಡಿಟ್ ಇರುವುದಿಲ್ಲವಾಗಿ ಶೇ 5ನ್ನು ಪೂರಾ ನಗದಿನಲ್ಲೇ ಕಟ್ಟಬೇಕು. ಅವನಿಂದ ಕೊಂಡವನಿಗೆ ಮಾತ್ರ ಕ್ರೆಡಿಟ್ ಸಿಗುತ್ತದೆ. ಅಡಿಕೆ ವ್ಯಾಪಾರದಲ್ಲಿ ಮಾಲಿಲ್ಲದ ಬಿಲ್ಲುಗಳ ಹಾವಳಿಗೆ ಬೇರು ಇಲ್ಲಿದೆ. ಕಟ್ಟದ ತೆರಿಗೆಗೆ ಬಿಲ್ಲು ಹುಟ್ಟಿಸಿ ಮಾಯವಾಗುವ ಹೆಸರುಗಳು ಸರಪಳಿಯಲ್ಲಿ ಸೇರಿಕೊಂಡರೆ, ಕೊನೆಗೆ ಕೈಗೆ ಸಿಗುವವನು ಅಂಗಡಿ ಹಾಕಿಕೊಂಡು ಊರಲ್ಲೇ ಇರುವ ಪ್ರಾಮಾಣಿಕ ಖರೀದಿದಾರ. ಮಾರಿದವನು ತೆರಿಗೆ ಕಟ್ಟದಿದ್ದರೆ ಕೊಂಡವನ ಕ್ರೆಡಿಟ್ ನಿಲ್ಲದು ಎಂಬ ನಿಯಮ ಅವನ ಮೇಲೆ ಬೀಳುತ್ತದೆ. ಅವನಿಗೆ ಇದು ಅನ್ಯಾಯವೇ. ಆದರೂ ನಿಯಮ ಇರುವವರೆಗೆ, ಗುರುತಿಲ್ಲದವರ ಬಿಲ್ಲು ಮುಟ್ಟದಿರುವುದೊಂದೇ ರಕ್ಷೆ.

ದಲಾಲ ತನ್ನ ಹೆಸರಿನಲ್ಲೇ ಬಿಲ್ಲು ಬರೆದರೆ ಕಾನೂನು ಅವನನ್ನು ಸರಬರಾಜುದಾರನಂತೆ ಕಾಣುತ್ತದೆ, ಬೆಳೆಗಾರನ ಹೆಸರಿನಲ್ಲಿ ಬರೆದರೆ ಹಾಗಲ್ಲ. 2018ರ ಸೆಪ್ಟೆಂಬರಿನ ಜಿಎಸ್‌ಟಿ ಸುತ್ತೋಲೆಯೊಂದು ಇದನ್ನು ಸ್ಪಷ್ಟಪಡಿಸಿದೆ. ಬಿಲ್ಲಿನ ಮೇಲ್ಭಾಗದ ಒಂದು ಸಾಲಿನಿಂದ ತೆರಿಗೆಯ ಹೊಣೆಯೇ ಸ್ಥಳ ಬದಲಿಸುವ ಇಂಥ ಜಾಗಗಳಲ್ಲಿ ಸಲಹೆಗಾರನಿಗೆ ನಿಜವಾದ ಕೆಲಸವಿದೆ. ಹೊರರಾಜ್ಯಕ್ಕೆ ಮಾಲು ಕಳಿಸುವವರು, ವಹಿವಾಟಿನ ಮೇಲೆ ಒಂದೇ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಗೆ ಹೋಗುವಂತಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಬೇಕು. ರಾಜ್ಯದೊಳಗಿನ ಸಾಗಣೆಗೂ 2018ರ ಏಪ್ರಿಲ್ 1ರಂದೇ ಅದನ್ನು ಜಾರಿಗೆ ತಂದ ರಾಜ್ಯ ಕರ್ನಾಟಕ.

ನಗದಿನ ನಿಯಮಗಳು ಮಂಡಿಗೆ ದಿನದ ತಲೆನೋವು. ಒಬ್ಬರಿಗೆ ಒಂದು ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಆದಾಯ ತೆರಿಗೆ ಒಪ್ಪುವುದಿಲ್ಲ. ಬೆಳೆದವನಿಗೇ ಅವನ ಬೆಳೆಯ ಬೆಲೆ ಕೊಡುವಾಗ ಮಾತ್ರ ವಿನಾಯಿತಿ ಇದೆ. ಖೇಣಿದಾರನಿಗೋ ಇನ್ನೊಬ್ಬ ವರ್ತಕನಿಗೋ ಕೊಟ್ಟ ನಗದಿಗೆ ಅದು ಸಲ್ಲದು. ಆದ್ದರಿಂದ ಖರೀದಿ ಪಟ್ಟಿಯ ಜೊತೆ ಬೆಳೆಗಾರನ ಪಹಣಿ ನಕಲು ಇಟ್ಟುಕೊಳ್ಳಿ ಎಂದು ಒಳ್ಳೆಯ ಆಡಿಟರ್ ಹಟ ಹಿಡಿಯುತ್ತಾನೆ. ಬ್ಯಾಂಕಿನಿಂದ ವರ್ಷಕ್ಕೆ 1 ಕೋಟಿ ಮೀರಿ ನಗದು ತೆಗೆದರೆ ಆಗುವ ಟಿಡಿಎಸ್‌ನಿಂದ, ರೈತರಿಗೆ ಹಣ ಕೊಡುವ ಎಪಿಎಂಸಿ ವರ್ತಕರು ಮತ್ತು ಕಮಿಷನ್ ಏಜೆಂಟರಿಗೆ 2019ರಲ್ಲಿ ಬಿಡುಗಡೆ ಸಿಕ್ಕಿತು. ಮಂಡಿ ಬೆಳೆಗಾರನಿಗೆ ಮುಂಗಡ ಕೊಡುವುದು ಹಳೆಯ ಪದ್ಧತಿ. 20,000 ರೂಪಾಯಿ ಮತ್ತು ಅದಕ್ಕೂ ಮೇಲಿನ ಸಾಲವನ್ನು ನಗದಿನಲ್ಲಿ ಪಡೆಯುವುದಕ್ಕೂ ತೀರಿಸುವುದಕ್ಕೂ ಕಾನೂನಿನ ತಡೆಯಿದೆ. ಮುಂಗಡದ ಮೇಲೆ ಬಂದ ಬಡ್ಡಿ ಮಂಡಿಯ ವ್ಯವಹಾರದ ಆದಾಯ.

ಫೌಂಡ್ರಿಗಳು ಮತ್ತು ಭದ್ರಾವತಿ

ಒಂದು ಕಾಲದಲ್ಲಿ ಬೆಂಕಿಪುರವೆನಿಸಿಕೊಂಡಿದ್ದ ಭದ್ರಾವತಿಯ ಖಾಸಗಿ ವ್ಯವಹಾರ ಬೆಳೆದದ್ದು ಎರಡು ದೊಡ್ಡ ಕಾರ್ಖಾನೆಗಳ ಆಸರೆಯಲ್ಲಿ. 1918ರಲ್ಲಿ ರೂಪುಗೊಂಡು 1923ರಲ್ಲಿ ಕಬ್ಬಿಣ ತಯಾರಿಕೆ ಶುರುಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆ, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ವಿಐಎಸ್‌ಎಲ್, ಒಂದು. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ ಇನ್ನೊಂದು. ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆ ಹಳೆಯ ಗಾತ್ರದಲ್ಲಿ ಉಳಿದಿಲ್ಲ. ಅವನ್ನು ನಂಬಿದ್ದ ಗುತ್ತಿಗೆದಾರರು, ಲಾರಿ ಮಾಲೀಕರು, ವರ್ಕ್‌ಶಾಪಿನವರು ಬೇರೆ ಗಿರಾಕಿ ಹುಡುಕಬೇಕಾಯಿತು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್, ಎರಡೂ ಊರುಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶಗಳ ಫೌಂಡ್ರಿ ಹಾಗೂ ಮಷಿನಿಂಗ್ ಘಟಕಗಳು ಈಗ ಇಲ್ಲಿನ ತಯಾರಿಕೆಯ ಬೆನ್ನೆಲುಬು.

ಇವರ ತೆರಿಗೆ ಪ್ರಶ್ನೆಗಳು ಅಡಿಕೆಯವರ ಪ್ರಶ್ನೆಗಳಿಗಿಂತ ತೀರ ಬೇರೆ. ಎರಕದ ಭಾಗವನ್ನು ತಿರುಗಣೆ ಕೆಲಸಕ್ಕೆ ಬೇರೆ ಶಾಪಿಗೆ ಕಳಿಸಿದಾಗ ಜಾಬ್‌ವರ್ಕ್ ನಿಯಮದಂತೆ ಒಂದು ವರ್ಷದೊಳಗೆ ವಾಪಸು ಬರಬೇಕು, ಇಲ್ಲವೆ ಕಳಿಸಿದ ದಿನವೇ ಮಾರಿದಂತೆ. ಯಂತ್ರಗಳಿಗೆ ಮೂರು ವರ್ಷ. ಮೋಲ್ಡ್, ಡೈ, ಜಿಗ್‌ಗಳಿಗೆ ಈ ಗಡುವಿಲ್ಲ. ಚಲನ್ ಪುಸ್ತಕ ಸರಿಯಿಲ್ಲದ ಘಟಕ ಇಲ್ಲಿ ಎಡವುತ್ತದೆ. ಗುಜರಿಯ ವಿಷಯದಲ್ಲಿ 2024ರ ಅಕ್ಟೋಬರ್ 10ರಿಂದ ಎರಡು ಬದಲಾವಣೆ ಆದವು: ನೋಂದಣಿಯಿಲ್ಲದ ಗುಜರಿಯವನಿಂದ ಲೋಹದ ಸ್ಕ್ರ್ಯಾಪ್ ಕೊಂಡರೆ ತೆರಿಗೆಯನ್ನು ಕೊಂಡವನೇ ಕಟ್ಟಬೇಕು, ನೋಂದಾಯಿತನಿಂದ ಕೊಂಡರೆ ಶೇ 2 ಜಿಎಸ್‌ಟಿ ಟಿಡಿಎಸ್ ಹಿಡಿಯಬೇಕು. ಫೌಂಡ್ರಿಯ ಕಚ್ಚಾಮಾಲಿನಲ್ಲಿ ಸ್ಕ್ರ್ಯಾಪ್ ದೊಡ್ಡ ಪಾಲು ಆದ್ದರಿಂದ ಇದು ಸಣ್ಣ ಮಾತಲ್ಲ.

ಸಣ್ಣ ಘಟಕಗಳಿಗೆ ಅನುಕೂಲವಾದ ನಿಯಮವೂ ಒಂದಿದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಕೊಡದ ಗಿರಾಕಿಗೆ, ಕೊಟ್ಟ ವರ್ಷದಲ್ಲಿ ಮಾತ್ರ ಆ ಖರ್ಚು ಒಪ್ಪಿಗೆ. ಇದು 2023-24ರ ಲೆಕ್ಕದಿಂದ ಜಾರಿಯಲ್ಲಿದೆ. ‘ಉದ್ಯಮ್’ ನೋಂದಣಿ ಮಾಡಿಸಿ ಬಿಲ್ಲಿನ ಮೇಲೆ ಸಂಖ್ಯೆ ಅಚ್ಚು ಹಾಕಿಸಿದ ಮಷಿನಿಂಗ್ ಶಾಪಿಗೆ ಇದು ಕೈಯಲ್ಲಿರುವ ಅಸ್ತ್ರ. ದೊಡ್ಡ ಗಿರಾಕಿ ಮುನಿದಾನೆಂಬ ಅಂಜಿಕೆಯಿಂದ ಅದನ್ನು ಬಳಸದೆ ಇರುವವರೇ ಹೆಚ್ಚು.

ಲಾರಿ ಮಾಲೀಕರಿಗೆ 10 ಗಾಡಿಗಳವರೆಗೆ ಅಂದಾಜು ಆದಾಯದ ಪದ್ಧತಿ ಇದೆ. 12 ಟನ್ನಿಗಿಂತ ಹೆಚ್ಚು ಭಾರದ ಗಾಡಿಗೆ ತಿಂಗಳಿಗೆ ಟನ್ನಿಗೆ 1,000 ರೂಪಾಯಿ, ಉಳಿದವಕ್ಕೆ ಗಾಡಿಯೊಂದಕ್ಕೆ 7,500 ರೂಪಾಯಿ. ಗಾಡಿ ಶೆಡ್ಡಿನಲ್ಲಿ ನಿಂತ ತಿಂಗಳಿಗೂ ಇದೇ ಲೆಕ್ಕ.

ಮನೆತನದ ವ್ಯವಹಾರದ ರೂಪಗಳು

ಅವಿಭಕ್ತ ಹಿಂದೂ ಕುಟುಂಬವನ್ನು (ಎಚ್‌ಯುಎಫ್) ಪ್ರತ್ಯೇಕ ತೆರಿಗೆದಾರನೆಂದು ಕಾಣುವುದು ಭಾರತದ ಕಾನೂನಿನ ವಿಶೇಷ. ಅದಕ್ಕೆ ಬೇರೆ ಪ್ಯಾನ್, ಬೇರೆ ವಿನಾಯಿತಿ ಮಿತಿ ಇದೆ. ತಾತನ ಕಾಲದ ಅಂಗಡಿ, ಗಿರಣಿಗಳು ಇಂದಿಗೂ ಈ ರೂಪದಲ್ಲಿ ಉಳಿದಿರುವುದುಂಟು. ಹಿಂದೆ ಪ್ರತಿ ಮನೆಗೂ ಒಂದು ಎಚ್‌ಯುಎಫ್ ಮಾಡಿಸಿ ಎನ್ನುವುದು ಸಲಹೆಗಾರರ ಸಿದ್ಧ ಮಾತಾಗಿತ್ತು. ಹೊಸ ತೆರಿಗೆ ಪದ್ಧತಿಯಲ್ಲಿ ಅದರ ಲಾಭ ಸೊರಗಿದೆ. 2025-26ರಿಂದ ಮೂಲ ಮಿತಿ 4 ಲಕ್ಷವಾದರೂ, 12 ಲಕ್ಷದವರೆಗೆ ತೆರಿಗೆಯೇ ಬಾರದಂತೆ ಮಾಡುವ ರಿಯಾಯಿತಿ ವ್ಯಕ್ತಿಗಳಿಗೆ ಮಾತ್ರ, ಅವಿಭಕ್ತ ಕುಟುಂಬಕ್ಕಿಲ್ಲ. ಸದಸ್ಯನೊಬ್ಬ ತನ್ನ ಸ್ವಂತ ಗಳಿಕೆಯ ಆಸ್ತಿಯನ್ನು ಕುಟುಂಬದ ರಾಶಿಗೆ ಸೇರಿಸಿದರೂ ಅದರ ಆದಾಯ ಅವನ ಲೆಕ್ಕಕ್ಕೇ ಮರಳುತ್ತದೆ. ಹೊಸದಾಗಿ ಎಚ್‌ಯುಎಫ್ ಹುಟ್ಟಿಸಲು ಹೊರಡುವವರು ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡುವುದು ಲೇಸು.

ಇನ್ನೊಂದು ಕಡೆ ಅವಿಭಕ್ತ ಕುಟುಂಬದ ಒಳಗೇ ಹಕ್ಕುಗಳು ಬದಲಾಗಿವೆ, ಅದರಲ್ಲಿ ಈ ನೆಲಕ್ಕೆ ಹಳೆಯ ಇತಿಹಾಸವಿದೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ತಂದು, ಪಾಲಾಗುವಾಗ ಹೆಂಗಸರಿಗೆ ಭಾಗ ಕೊಟ್ಟಿತ್ತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದು, ಆಗ ಮದುವೆಯಾಗಿರದ ಹೆಣ್ಣುಮಕ್ಕಳನ್ನು ಸಹದಾಯಾದಿಗಳನ್ನಾಗಿ ಮಾಡಿತು. 2005ರ ಕೇಂದ್ರ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಅಕ್ಕತಂಗಿಯರ ಸಹಿಯಿಲ್ಲದೆ ಗಿರಣಿಯನ್ನು ಅಣ್ಣತಮ್ಮಂದಿರು ಹಂಚಿಕೊಂಡರೆ ಆ ಪಾಲು ಸಿವಿಲ್ ಕೋರ್ಟಿನಲ್ಲೂ ನಿಲ್ಲದು, ತೆರಿಗೆಯಲ್ಲೂ ತೊಡಕು ತರುತ್ತದೆ.

ಪಾಲಿಗೆ ಸಂಬಂಧಿಸಿ ತೆರಿಗೆ ಕಾನೂನಿನ ಷರತ್ತು ಬಿಗಿ. 1978ರ ಡಿಸೆಂಬರ್ 31ರ ನಂತರದ ಭಾಗಶಃ ಪಾಲನ್ನು ಅದು ಒಪ್ಪುವುದಿಲ್ಲ. ಪೂರ್ಣ ಪಾಲೇ ಆಗಿರಬೇಕು, ಆಸ್ತಿ ಭೌತಿಕವಾಗಿ ಹಂಚಿಹೋಗಿರಬೇಕು, ಅಧಿಕಾರಿ ಆದೇಶ ಹೊರಡಿಸಿರಬೇಕು. ಊರ ಹಿರಿಯರ ಮುಂದೆ ಬರೆದ ಪಾಲುಪಾರೀಕತ್ತು ಮನೆಯವರ ಮನಸ್ಸಿಗೆ ಪೂರ್ಣವಾದರೂ, ಆದೇಶ ಬರುವವರೆಗೆ ಇಲಾಖೆಯ ಕಡತದಲ್ಲಿ ಕುಟುಂಬ ಅವಿಭಕ್ತವೇ.

ಪಾಲುದಾರಿಕೆ ಸಂಸ್ಥೆ ಇಲ್ಲಿ ಇಂದಿಗೂ ಹೆಚ್ಚು ಕಾಣುವ ರೂಪ. ಇದರ ತೆರಿಗೆ ಶೇ 30, ಸೆಸ್ ಸೇರಿ ಶೇ 31.2, ಆದಾಯ 1 ಕೋಟಿ ಮೀರಿದರೆ ಸರ್‌ಚಾರ್ಜ್ ಕೂಡುತ್ತದೆ. ಪಾಲುದಾರರಿಗೆ ಬಂಡವಾಳದ ಮೇಲೆ ಗರಿಷ್ಠ ಶೇ 12 ಬಡ್ಡಿ, ದುಡಿಯುವವರಿಗೆ ಸಂಬಳ ಕೊಡಬಹುದು. ಸಂಬಳದ ಮಿತಿ ಮೊದಲ 6 ಲಕ್ಷ ಲಾಭಕ್ಕೆ 3 ಲಕ್ಷ ಅಥವಾ ಶೇ 90ರಲ್ಲಿ ಹೆಚ್ಚಿನದು, ಉಳಿದ ಲಾಭಕ್ಕೆ ಶೇ 60. ಇದೆಲ್ಲ ಪತ್ರದಲ್ಲಿ ಬರೆದಿದ್ದರೆ ಮಾತ್ರ. 2025ರ ಏಪ್ರಿಲ್ 1ರಿಂದ ಈ ಬಡ್ಡಿ-ಸಂಬಳ ವರ್ಷಕ್ಕೆ 20,000 ಮೀರಿದರೆ ಶೇ 10 ಟಿಡಿಎಸ್ ಹಿಡಿಯಬೇಕಾಗಿದೆ. ಅಪ್ಪ ನಡೆಸುವ ಅಂಗಡಿಯಿಂದ ಮಗನಿಗೆ ಟಿಡಿಎಸ್ ಹಿಡಿಯುವುದು ಮನೆಯವರಿಗೆ ತಮಾಷೆಯಂತೆ ಕಂಡರೂ, ಹಿಡಿಯದಿದ್ದರೆ ದಂಡದ ನೋಟಿಸು ಬರುವುದು ಸಂಸ್ಥೆಯ ಹೆಸರಿಗೆ. ಪಾಲುದಾರ ಹೊರಬಂದು ಆಸ್ತಿ ಒಯ್ದಾಗ ಸಂಸ್ಥೆಗೆ ತೆರಿಗೆ ಬೀಳುವಂತೆ 2021ರ ಹಣಕಾಸು ಕಾಯಿದೆ ನಿಯಮ ಬಿಗಿ ಮಾಡಿದೆ. ಅಣ್ಣತಮ್ಮ ಬೇರೆಯಾಗುವ ಮುನ್ನ ಇದನ್ನು ನೋಡಬೇಕು.

ಖಾಸಗಿ ಕಂಪನಿಗೆ ರಿಯಾಯಿತಿಗಳನ್ನು ಬಿಟ್ಟುಕೊಟ್ಟರೆ ಶೇ 22, ಸರ್‌ಚಾರ್ಜ್ ಸೆಸ್ ಸೇರಿ ಶೇ 25.17 ತೆರಿಗೆ. ದರ ನೋಡಿ ಕಂಪನಿ ಮಾಡಿಕೊಂಡ ಫೌಂಡ್ರಿ ಮನೆಗಳು ಆಮೇಲೆ ಪೇಚಿಗೆ ಸಿಕ್ಕುವುದು ಹಣ ಮನೆಗೆ ತರುವಾಗ. ಲಾಭಾಂಶಕ್ಕೆ 2020ರ ಏಪ್ರಿಲ್‌ನಿಂದ ಷೇರುದಾರನ ಕೈಯಲ್ಲಿ ತೆರಿಗೆ ಇದೆ. ಮಗಳ ಮದುವೆಗೆಂದು ಕಂಪನಿಯಿಂದ ಸಾಲ ಬರೆಸಿಕೊಂಡರೆ, ಶೇ 10 ಮತದ ಹಕ್ಕುಳ್ಳ ಷೇರುದಾರನಿಗೆ ಕೊಟ್ಟ ಆ ಸಾಲವೂ ಸಂಚಿತ ಲಾಭದ ಮಟ್ಟಿಗೆ ಲಾಭಾಂಶವೇ ಎಂದು ಕಾನೂನು ಹೇಳುತ್ತದೆ. ಅಂಗಡಿ ಗಲ್ಲಾಪೆಟ್ಟಿಗೆಗೆ ಕೈಹಾಕಿ ತೆಗೆದುಕೊಂಡು ರೂಢಿಯಾದವರಿಗೆ ಕಂಪನಿ ರೂಪ ಹೊಂದುವುದಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಹೆಂಡತಿಯ ಹೆಸರಿನಲ್ಲಿ ಸಂಬಳ ಬರೆಯುವ ಪದ್ಧತಿಗೂ ಮಿತಿಯಿದೆ. ಗಂಡನಿಗೆ ಗಣನೀಯ ಪಾಲಿರುವ ವ್ಯವಹಾರದಿಂದ ಅವಳಿಗೆ ಬರುವ ಸಂಬಳ, ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆಯ ಬಲದ ಮೇಲೆ ಬಂದದ್ದಲ್ಲದಿದ್ದರೆ ಗಂಡನ ಆದಾಯಕ್ಕೆ ಸೇರುತ್ತದೆ. ವಯಸ್ಕ ಮಕ್ಕಳ ಸಂಬಳಕ್ಕೆ ಹೀಗಿಲ್ಲ. ಆದರೆ ಯಾವ ಸಂಬಂಧಿಗೆ ಕೊಟ್ಟ ಹಣವೇ ಆಗಲಿ, ಪೇಟೆಯ ದರಕ್ಕಿಂತ ವಿಪರೀತ ಹೆಚ್ಚಿದ್ದರೆ ಹೆಚ್ಚಿನ ಭಾಗ ಖರ್ಚಾಗಿ ಉಳಿಯದು. ಅಂಗಡಿ ಕಟ್ಟಡ ತಾಯಿಯ ಹೆಸರಿನಲ್ಲಿದ್ದು ಅವರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ, ಬಾಡಿಗೆಯ ಮೇಲಿನ ಶೇ 18ನ್ನು 2024ರ ಅಕ್ಟೋಬರ್ 10ರಿಂದ ಬಾಡಿಗೆದಾರ ಸಂಸ್ಥೆಯೇ ಕಟ್ಟಬೇಕು. ಸಾಮಾನ್ಯ ನೋಂದಣಿಯ ಅಂಗಡಿಗೆ ಅದು ಕ್ರೆಡಿಟ್ಟಾಗಿ ಮರಳುತ್ತದೆ. ಕ್ರೆಡಿಟ್ ಇಲ್ಲದ ಶೇ 5ರ ಹೋಟೆಲಿಗೆ ಮಾತ್ರ ಅದು ಅಪ್ಪಟ ಖರ್ಚು.

ಚಿಲ್ಲರೆ ವ್ಯಾಪಾರ ಮತ್ತು ಯುಪಿಐ

ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಊರೊಳಗೇ ಮಾರುವ ಸಣ್ಣ ಅಂಗಡಿಗೆ 1.5 ಕೋಟಿಯವರೆಗೆ ಶೇ 1ರ ಕಾಂಪೊಸಿಷನ್ ಸುಲಭ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ದೊಡ್ಡ ಪ್ರತಿಭಟನೆ ಎದ್ದಿತು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಕಟಿಸಿದರು. ಆ ಪ್ರಸಂಗ ತೋರಿಸಿದ್ದು ಹಳೆಯ ರೋಗವನ್ನೇ: ಮನೆಗೆ ಬಂದ ಕೈಸಾಲ, ಚೀಟಿ ಹಣ, ನೆಂಟರ ಜಮೆ, ವ್ಯಾಪಾರದ ವಸೂಲಿ ಎಲ್ಲ ಒಂದೇ ಖಾತೆಗೆ ಬಿದ್ದಿದ್ದವು. ಅಂಗಡಿಗೆ ಬೇರೆ ಬ್ಯಾಂಕ್ ಖಾತೆ, ಬೇರೆ ಕ್ಯೂಆರ್ ಎಂಬ ಸರಳ ಸಲಹೆಗೆ ಬೆಲೆ ಬಂದದ್ದು ಆಮೇಲೆ.

ಊರಂಚಿನ ಜಮೀನು

ಗದ್ದೆ-ತೋಟ ಮಾರಿದ ಹಣ ವ್ಯವಹಾರಕ್ಕೆ ಬರುವುದು ಇಲ್ಲಿ ಸಾಮಾನ್ಯ. 2023ರ ಫೆಬ್ರವರಿ 27ರಂದು ಶಿವಮೊಗ್ಗ ಬಳಿಯ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಊರಂಚಿನ ಜಮೀನಿನ ತೆರಿಗೆಯ ಪ್ರಶ್ನೆ ಇನ್ನಷ್ಟು ಮುಖ್ಯವಾಗಿದೆ. ಗ್ರಾಮೀಣ ಕೃಷಿ ಜಮೀನು ಬಂಡವಾಳ ಆಸ್ತಿಯಲ್ಲ, ಮಾರಿದರೆ ತೆರಿಗೆಯಿಲ್ಲ. ಜನಸಂಖ್ಯೆ 1 ಲಕ್ಷಕ್ಕಿಂತ ಹೆಚ್ಚಿ 10 ಲಕ್ಷ ಮೀರದ ಊರಿನ ಗಡಿಯಿಂದ 6 ಕಿ.ಮೀ. ಒಳಗಿದ್ದರೆ ಅದು ಗ್ರಾಮೀಣವಲ್ಲ. 2011ರ ಜನಗಣತಿಯಲ್ಲಿ ಶಿವಮೊಗ್ಗದ ಜನಸಂಖ್ಯೆ ಸುಮಾರು 3.22 ಲಕ್ಷ, ಭದ್ರಾವತಿಯದು 1.51 ಲಕ್ಷ, ಆದ್ದರಿಂದ ಎರಡಕ್ಕೂ 6 ಕಿ.ಮೀ. ಅಳತೆ ಸಲ್ಲುತ್ತದೆ. ಊರುಗಳ ನಡುವಿನ ಅಂತರವೇ ಕಡಿಮೆ ಇರುವುದರಿಂದ ಮಧ್ಯದ ಬಹಳಷ್ಟು ಹಳ್ಳಿಗಳು ಒಂದಲ್ಲ ಒಂದು ಊರಿನ ವರ್ತುಲಕ್ಕೆ ಬೀಳುತ್ತವೆ. ದೂರವನ್ನು ರಸ್ತೆಯಲ್ಲಿ ಅಳೆಯದೆ ನೇರ ಗೆರೆಯಲ್ಲಿ ಅಳೆಯುತ್ತಾರೆ.

2024ರ ಜುಲೈ 23ರಿಂದ ದೀರ್ಘಾವಧಿ ಲಾಭದ ತೆರಿಗೆ ಶೇ 12.5. ಅದಕ್ಕೂ ಮೊದಲು ಕೊಂಡ ಜಮೀನಿಗೆ ಹಣದುಬ್ಬರ ಕಳೆದು ಶೇ 20 ಕಟ್ಟುವ ಆಯ್ಕೆ ನಿವಾಸಿ ವ್ಯಕ್ತಿ ಮತ್ತು ಅವಿಭಕ್ತ ಕುಟುಂಬಕ್ಕಿದೆ. ಪಾಲುದಾರಿಕೆ ಸಂಸ್ಥೆಗೂ ಕಂಪನಿಗೂ ಇಲ್ಲ. ಜಮೀನನ್ನು ಸಂಸ್ಥೆಯ ಹೆಸರಿಗೆ ಹಾಕಬೇಡಿ ಎಂಬ ಹಿರಿಯರ ಮಾತಿಗೆ ಹೀಗೆ ಹೊಸ ಕಾರಣ ಸಿಕ್ಕಿದೆ.

ಮುಂದಿನ ತಲೆಮಾರು

ಎಸ್ಟೇಟ್ ಡ್ಯೂಟಿ 1985ರಲ್ಲಿ, ಉಡುಗೊರೆ ತೆರಿಗೆ 1998ರಲ್ಲಿ, ಸಂಪತ್ತು ತೆರಿಗೆ 2015ರಲ್ಲಿ ರದ್ದಾದವು. ಉತ್ತರಾಧಿಕಾರದಿಂದಲೋ ಹತ್ತಿರದ ಸಂಬಂಧಿಯ ದಾನದಿಂದಲೋ ಬಂದ ಆಸ್ತಿಗೆ ಈಗ ಆದಾಯ ತೆರಿಗೆ ಇಲ್ಲ. ತೊಂದರೆ ಬರುವುದು ಕಾಗದಪತ್ರದಲ್ಲಿ. ಒಬ್ಬನೇ ಮಾಲೀಕನಿದ್ದ ಅಂಗಡಿಯಲ್ಲಿ ಆತ ತೀರಿಕೊಂಡರೆ ಜಿಎಸ್‌ಟಿ ಸಂಖ್ಯೆಯೂ ಅವನ ಜೊತೆಗೇ ಮುಗಿಯುತ್ತದೆ. ವಾರಸುದಾರ ಹೊಸ ನೋಂದಣಿ ಪಡೆದು, ಉಳಿದ ಕ್ರೆಡಿಟನ್ನು ಐಟಿಸಿ-02 ನಮೂನೆಯಲ್ಲಿ ವರ್ಗಾಯಿಸಿಕೊಂಡು, ಹಳೆಯದನ್ನು ರದ್ದು ಮಾಡಿಸಬೇಕು. 2019ರ ಸುತ್ತೋಲೆ ಇದರ ಕ್ರಮ ಹೇಳುತ್ತದೆ. ತೀರಿಕೊಂಡವರ ಆದಾಯದ ರಿಟರ್ನನ್ನು ವಾರಸುದಾರನೇ ಪ್ರತಿನಿಧಿಯಾಗಿ ಹಾಕಬೇಕು. ಉತ್ತರಕ್ರಿಯೆಯ ಊಟ ಮುಗಿಯುವ ಮೊದಲೇ ಇ-ವೇ ಬಿಲ್ ನಿಂತುಹೋಗಿ ಮಾಲು ಗೋದಾಮಿನಲ್ಲಿ ಉಳಿದರೆ ಆಶ್ಚರ್ಯವಿಲ್ಲ. ವಿಲ್ ಬರೆದಿಡುವುದು, ವ್ಯವಹಾರವನ್ನು ಪಾಲುದಾರಿಕೆಗೆ ತರುವುದು, ಪತ್ರದಲ್ಲಿ ಒಬ್ಬರು ತೀರಿಕೊಂಡರೂ ಸಂಸ್ಥೆ ಮುಂದುವರಿಯುವ ಕಲಂ ಹಾಕಿಸುವುದು ಇದಕ್ಕೆ ಮದ್ದು.

ಸಲಹೆಗಾರರು

ಆದಾಯ ತೆರಿಗೆಯ ಆಡಿಟ್ ವರದಿಗೆ ಸಹಿ ಹಾಕುವ ಅಧಿಕಾರ ಚಾರ್ಟರ್ಡ್ ಅಕೌಂಟೆಂಟರಿಗೆ ಮಾತ್ರ. ವಹಿವಾಟು 1 ಕೋಟಿ ದಾಟಿದಾಗ, ನಗದು ಶೇ 5 ಮೀರದಿದ್ದರೆ 10 ಕೋಟಿ ದಾಟಿದಾಗ, ಈ ಆಡಿಟ್ ಬೇಕು. ಅಧಿಕಾರಿಯ ಮುಂದೆ ವಾದಿಸಲು ವಕೀಲರಿಗೂ ಅರ್ಹ ತೆರಿಗೆ ಸಲಹೆಗಾರರಿಗೂ ಹಕ್ಕಿದೆ. ರಿಟರ್ನ್ ಹಾಕುವವರೆಲ್ಲ ಸಲಹೆಗಾರರಲ್ಲ ಎಂಬುದು ಊರವರಿಗೆ ನಿಧಾನವಾಗಿ ತಿಳಿಯುತ್ತಿದೆ. ಆದಾಯ ತೆರಿಗೆಯ ಕರ ನಿರ್ಧರಣೆ ಮತ್ತು ಮೊದಲ ಮೇಲ್ಮನವಿ ಈಗ ಬಹುಮಟ್ಟಿಗೆ ಮುಖಾಮುಖಿಯಿಲ್ಲದೆ ನಡೆಯುತ್ತವೆ. ನ್ಯಾಯಮಂಡಳಿಗೆ ಬೆಂಗಳೂರಿಗೆ ಹೋಗಬೇಕು. ಜಿಎಸ್‌ಟಿಯಲ್ಲಿ ಶಿವಮೊಗ್ಗದ ಕಚೇರಿಗಳೇ ಇನ್ನೂ ಕೈಗೆ ಸಿಗುತ್ತವೆ. ನೋಟಿಸುಗಳು ಇಮೇಲಿಗೂ ಪೋರ್ಟಲಿಗೂ ಬರುತ್ತವೆ. ಎಷ್ಟೋ ಮನೆಗಳ ಪ್ಯಾನ್‌ಗೆ ಜೋಡಿಸಿದ ಇಮೇಲು ಬಿಟ್ಟುಹೋದ ಗುಮಾಸ್ತನದು, ಫೋನ್ ನಂಬರು ಮದುವೆಯಾಗಿ ಬೇರೆ ಊರಿಗೆ ಹೋದ ಮಗಳದು. ಗಡುವು ಮೀರಿದ ಮೇಲೆ ಆಡಿಟರ್ ಬಳಿಗೆ ಓಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಬಿಟ್ಟುಹೋದ ಆದಾಯವನ್ನು ಹೆಚ್ಚುವರಿ ತೆರಿಗೆ ಕೊಟ್ಟು ತಾವಾಗಿ ತೋರಿಸಲು ಪರಿಷ್ಕೃತ ಕಾಲಮಿತಿ 48 ತಿಂಗಳು.

1961ರ ಆದಾಯ ತೆರಿಗೆ ಕಾಯಿದೆಯ ಬದಲು 2025ರ ಆಗಸ್ಟ್ 21ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಹೊಸ ಕಾಯಿದೆ 2026ರ ಏಪ್ರಿಲ್ 1ರಿಂದ ಅನ್ವಯಿಸುತ್ತದೆ. ಅದರಲ್ಲಿ 536 ಸೆಕ್ಷನ್‌ಗಳಿವೆ. ‘ಹಿಂದಿನ ವರ್ಷ’, ‘ಕರ ನಿರ್ಧರಣಾ ವರ್ಷ’ಗಳ ಜಾಗದಲ್ಲಿ ‘ತೆರಿಗೆ ವರ್ಷ’ ಬಂದಿದೆ. ಈ ಲೇಖನದಲ್ಲಿ ಹೆಸರಿಸಿದ 44ಎಡಿ, 80ಪಿಗಳಂಥ ಸಂಖ್ಯೆಗಳು ಹಳೆಯ ಕಾಯಿದೆಯವು. 2026ರ ಏಪ್ರಿಲ್ 1ಕ್ಕೂ ಹಿಂದಿನ ವರ್ಷಗಳ ರಿಟರ್ನ್, ನೋಟಿಸು ಮತ್ತು ಮೇಲ್ಮನವಿಗಳಿಗೆ 1961ರ ಕಾಯಿದೆಯೇ ಅನ್ವಯಿಸುತ್ತದೆ.